ಅಪ್ಪಯ್ಯ, ಆಯಿ ಜೊತೆ ಯುರೋಪಿನಲ್ಲಿ ಕಾರು ಪ್ರಯಾಣ, ಮೂರು ನೆಂಟರ ಮನೆ: ಸಲಹೆ ಬೇಕು

ಶಿರಸಿ_ತೋಟದಮನೆ:
ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಕೊನೆಗೆ ಅಪ್ಪಯ್ಯ, ಆಯಿ, ನಾನು, ಹೆಂಡತಿ, ಎಂಟು ವರ್ಷದ ಮಗಳು ಯುರೋಪಿಗೆ ಹೊರಟಿದ್ದೇವೆ. ಅಕ್ಕ ಇರುವುದು ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್‌ನಲ್ಲಿ, ಚಿಕ್ಕಪ್ಪನ ಮಗ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ, ಅತ್ತೆ ಮಗಳು ಜ್ಯೂರಿಕ್‌ನಲ್ಲಿ. ಅಡಿಕೆ ಕೊನೆಕೊಯ್ಲು ಮುಗಿದಿರುತ್ತದೆ, ಆದರೆ ಮಳೆ ಹಿಡಿಯುವ ಮೊದಲು ತೋಟಕ್ಕೆ ಮದ್ದು ಹೊಡೆಸಲು ವಾಪಸ್ ಬಂದಿರಲೇಬೇಕು. ಹಾಗಾಗಿ 18 ದಿನ ಮಾತ್ರ. ಬಾಡಿಗೆ ಕಾರು ತೆಗೆದುಕೊಂಡು ನಾನೇ ಓಡಿಸಬೇಕು ಅಂತಿದೆ. ಅಷ್ಟು ದೂರ ಹೋದ ಮೇಲೆ ಪ್ಯಾರಿಸ್, ವೆನಿಸ್ ಕೂಡ ಸೇರಿಸೋಣ ಅಂತ ಹೆಂಡತಿ ಹೇಳುತ್ತಿದ್ದಾಳೆ. ಅಪ್ಪಯ್ಯನಿಗೆ 72, ಮಂಡಿನೋವು. ಆಯಿಗೆ ದೇವಿಮನೆ ಘಟ್ಟ ಇಳಿಯುವಾಗಲೇ ತಲೆ ತಿರುಗಿ ವಾಂತಿ ಬರುತ್ತದೆ. ಇಬ್ಬರೂ ವಿಮಾನ ಹತ್ತುವುದೇ ಮೊದಲ ಸಲ. ಇದೆಲ್ಲ ಆಗುವ ಮಾತಾ? ವೀಸಾ, ಲೈಸೆನ್ಸ್, ಮನೆಯಿಂದ ಒಯ್ಯುವ ತಿಂಡಿ, ಏನು ಗೊತ್ತಿದ್ದರೂ ಹೇಳಿ.

ಸದಾಶಿವಗಡದವ:
ನಾನು ಕಾರವಾರದ ಕಡೆಯವನು, ಆರು ವರ್ಷದಿಂದ ಜರ್ಮನಿಯಲ್ಲಿದ್ದೇನೆ. ಮೊದಲು ಪ್ಯಾರಿಸ್, ವೆನಿಸ್ ಎರಡನ್ನೂ ಬಿಡಿ ಅಣ್ಣಾ. ಐಂಡ್‌ಹೋವನ್‌ನಿಂದ ಹೈಡೆಲ್‌ಬರ್ಗ್ ಸುಮಾರು 400 ಕಿ.ಮೀ., ಅಂದರೆ ಶಿರಸಿಯಿಂದ ಬೆಂಗಳೂರಿನಷ್ಟು. ಅಲ್ಲಿಂದ ಜ್ಯೂರಿಕ್ 300ಕ್ಕೂ ಜಾಸ್ತಿ. ಹೋದಷ್ಟೇ ವಾಪಸ್ ಬರಬೇಕಲ್ವಾ? ರಸ್ತೆ ಚೆನ್ನಾಗಿದೆ, ಆದರೆ ಐದಾರು ಗಂಟೆ ಕಾಲು ಮಡಚಿ ಕೂತರೆ ಮಂಡಿನೋವಿನವರು ಮಾರನೇ ದಿನ ಏಳುವುದಿಲ್ಲ. ಒಂದೊಂದು ಮನೆಯಲ್ಲೂ ಕಡಿಮೆ ಅಂದರೆ ನಾಲ್ಕು ರಾತ್ರಿ ಇರಿ, ಪ್ರಯಾಣದ ದಿನ ಬೇರೆ ಏನೂ ಇಟ್ಟುಕೊಳ್ಳಬೇಡಿ.

ನಿಮ್ಮ ಲೈಸೆನ್ಸ್ ಜೊತೆ ಆರ್‌ಟಿಒದಿಂದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿ, ಒಂದು ವರ್ಷ ನಡೆಯುತ್ತದೆ. ಒರಿಜಿನಲ್ ಲೈಸೆನ್ಸೂ ಕೈಯಲ್ಲಿರಬೇಕು. ಕಾರು ಬುಕ್ ಮಾಡುವಾಗಲೇ ಸ್ವಿಟ್ಜರ್ಲೆಂಡಿಗೆ ಒಯ್ಯುತ್ತೇನೆ ಅಂತ ಹೇಳಿಬಿಡಿ. ಐದು ಜನ, ಐದು ಸೂಟ್‌ಕೇಸ್ ಅಂದರೆ ಸಣ್ಣ ಕಾರು ಸಾಲುವುದಿಲ್ಲ. ಮಗಳಿಗೆ ಮಕ್ಕಳ ಸೀಟು ಕೇಳಿ, ಜರ್ಮನಿಯಲ್ಲಿ 12 ವರ್ಷದೊಳಗಿನ, 150 ಸೆಂ.ಮೀ.ಗಿಂತ ಗಿಡ್ಡ ಇರುವ ಮಕ್ಕಳಿಗೆ ಅದು ಬೇಕೇ ಬೇಕು.

ಬಲಗಡೆ ಓಡಿಸುವುದು ಎರಡು ದಿನದಲ್ಲಿ ರೂಢಿಯಾಗುತ್ತದೆ. ನನಗೆ ಕಷ್ಟವಾದದ್ದು ಬೇರೆ. ಊರೊಳಗಿನ ಸಣ್ಣ ಕೂಡುರಸ್ತೆಯಲ್ಲಿ ಬೋರ್ಡು, ಸಿಗ್ನಲ್ ಏನೂ ಇಲ್ಲದಿದ್ದರೆ ಬಲಗಡೆಯಿಂದ ಬರುವವನಿಗೆ ದಾರಿ ಬಿಡಬೇಕು. ಅವನು ನಿಲ್ಲುವುದೇ ಇಲ್ಲ, ನೇರ ಬಂದುಬಿಡುತ್ತಾನೆ. ಮೊದಲ ವಾರ ಒಂದು ಸಲ ಅರ್ಧ ಅಡಿಯಲ್ಲಿ ತಪ್ಪಿದೆ, ಆ ಬ್ರೇಕಿನ ಸದ್ದು ಇನ್ನೂ ಕಿವಿಯಲ್ಲಿದೆ. ನೆದರ್‌ಲ್ಯಾಂಡ್ಸ್ ಹೆದ್ದಾರಿಯಲ್ಲಿ ಹಗಲು ಸಾಮಾನ್ಯವಾಗಿ 100ರ ಮಿತಿ. ಜರ್ಮನಿಯಲ್ಲಿ ಕೆಲವು ಕಡೆ ಮಿತಿಯೇ ಇಲ್ಲ, ನೀವು ಬಲಗಡೆ ಲೇನಿನಲ್ಲಿ ಆರಾಮಾಗಿ ಹೋಗಿ, ಓವರ್‌ಟೇಕ್‌ಗೆ ಮಾತ್ರ ಎಡಕ್ಕೆ ಬನ್ನಿ. ಜರ್ಮನಿಯಲ್ಲಿ ಕಾರಿಗೆ ಟೋಲ್ ಇಲ್ಲ. ಸ್ವಿಸ್ ಹೆದ್ದಾರಿಗೆ 40 ಫ್ರಾಂಕಿನ ವಿನ್ಯೆಟ್, ಅಂದರೆ ಟೋಲ್ ಸ್ಟಿಕ್ಕರ್ ಬೇಕು, ಒಂದೇ ದಿನ ಓಡಿಸಿದರೂ ಪೂರ್ತಿ ವರ್ಷದ್ದೇ ತೆಗೆದುಕೊಳ್ಳಬೇಕು.

ಕುಮಟಾದ_ಅಕ್ಕ:
ತಮ್ಮಾ, ನಾವು ಅತ್ತೆ, ಮಾವನನ್ನು ಕರೆದುಕೊಂಡು ಹೀಗೇ ಹೋಗಿಬಂದವರು. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾ ಒಂದೇ ಸಾಕು, ಸ್ವಿಟ್ಜರ್ಲೆಂಡೂ ಅದರಲ್ಲೇ ಬರುತ್ತದೆ. ಜಾಸ್ತಿ ದಿನ ಎಲ್ಲಿ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಅಕ್ಕನ ಮನೆಯಲ್ಲೇ ಹೆಚ್ಚು ರಾತ್ರಿ ಇಟ್ಟುಕೊಂಡರೆ ನೆದರ್‌ಲ್ಯಾಂಡ್ಸ್‌ಗೆ ಹಾಕಿ. ದೊಡ್ಡವರಿಗೆ 90 ಯೂರೋ, ಮಗಳಿಗೆ 45. 30,000 ಯೂರೋ ಕವರ್ ಇರುವ ಆರೋಗ್ಯ ವಿಮೆ ಕಡ್ಡಾಯ. ಅಕ್ಕ ಅಲ್ಲಿನ ನಗರಸಭೆಗೆ ಹೋಗಿ ಆತಿಥ್ಯದ ಫಾರ್ಮಿನಲ್ಲಿ ಸಹಿ ದೃಢೀಕರಿಸಿ ಕಳಿಸಬೇಕು, ಅದನ್ನು ಈಗಲೇ ಹೇಳಿಡಿ. ಹೊರಡುವ ಆರು ತಿಂಗಳ ಮೊದಲಿಂದಲೇ ಅರ್ಜಿ ಹಾಕಬಹುದು.

ತಿಂಡಿ ವಿಷಯ ಸರಿಯಾಗಿ ಕೇಳಿ. ಹಾಲಿನಿಂದ ಮಾಡಿದ್ದು ಏನೂ ಒಯ್ಯುವಂತಿಲ್ಲ. ನಮ್ಮತ್ತೆ ಮನೆ ತುಪ್ಪ ಒಂದು ಡಬ್ಬಿ ಕಟ್ಟಿದ್ದರು, ಮೂರು ಪ್ಲಾಸ್ಟಿಕ್ ಚೀಲ ಸುತ್ತಿ, ಮೇಲೆ ಹಳೇ ಪಂಚೆ ಬಿಗಿದು. ಕಸ್ಟಮ್ಸಿನವರು ಒಂದೊಂದೇ ಬಿಚ್ಚಿ ಡಬ್ಬಿ ಎತ್ತಿಟ್ಟುಕೊಂಡರು. ಮೊಮ್ಮಗನಿಗೆ ಅಂತ ತಂದಿದ್ದು, ಪಾಪ, ಕಾರಿನಲ್ಲಿ ಒಂದು ಗಂಟೆ ಮಾತಾಡಲಿಲ್ಲ. ಕರಿಬೇವು, ವೀಳ್ಯದೆಲೆ ಅಂಥ ಹಸಿ ಸೊಪ್ಪಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಇಲ್ಲದಿದ್ದರೆ ಅಲ್ಲೇ ಬಿಡಬೇಕು. ತೆಂಗಿನಕಾಯಿಗೆ ಆ ಪತ್ರ ಬೇಡ, ಆದರೆ ಒಣ ಕೊಬ್ಬರಿ ಬೆಂಕಿ ಹಿಡಿಯುವ ವಸ್ತು ಅಂತ ವಿಮಾನಕ್ಕೇ ಬಿಡುವುದಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ತೊಡದೇವು ಇವನ್ನೇ ಒಯ್ಯಿರಿ.

ದಾರಿಗೆ ಅವಲಕ್ಕಿ ಇರಲಿ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಶನಿವಾರವೇ ಮೊಸರು ತಂದಿಟ್ಟುಕೊಳ್ಳಿ. ಆಯಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ಹೆದ್ದಾರಿಯಲ್ಲಿ ನಮ್ಮ ಘಟ್ಟದಂಥ ತಿರುವು ಇರುವುದಿಲ್ಲ. ಆಲ್ಪ್ಸ್ ನೋಡಬೇಕು ಅಂದರೆ ಜ್ಯೂರಿಕ್‌ನಿಂದ ರೈಲಿನಲ್ಲಿ ಹೋಗಿ.

ಶಿರಸಿ_ತೋಟದಮನೆ:
ಇಬ್ಬರಿಗೂ ತುಂಬಾ ಧನ್ಯವಾದ. ಪ್ಯಾರಿಸ್, ವೆನಿಸ್ ಬಿಟ್ಟೆವು, ಹೆಂಡತಿಯೂ ಒಪ್ಪಿದಳು. ಅಕ್ಕನ ಮನೆಯಲ್ಲಿ ಎಂಟು ರಾತ್ರಿ, ಉಳಿದ ಎರಡು ಕಡೆ ನಾಲ್ಕು ನಾಲ್ಕು. ಸೋಮವಾರ ಆರ್‌ಟಿಒಗೆ ಹೋಗುತ್ತೇನೆ. ಒಂದೇ ಚಿಂತೆ, ಅಪ್ಪಯ್ಯ ಊಟ ಆದ ಮೇಲೆ ಎಲೆಅಡಿಕೆ ಕವಳ ಹಾಕದೆ ಒಂದು ದಿನವೂ ಇದ್ದವರಲ್ಲ. ಅಲ್ಲಿ ಎಲ್ಲಾದರೂ ವೀಳ್ಯದೆಲೆ ಸಿಗುತ್ತದಾ?

ಸದಾಶಿವಗಡದವ:
ಜ್ಯೂರಿಕ್‌ನಲ್ಲಿ ಶ್ರೀಲಂಕಾ ತಮಿಳರ ಅಂಗಡಿಯಲ್ಲಿ ನನಗೆ ಸಿಕ್ಕಿತ್ತು. ನಿಮ್ಮ ಅತ್ತೆ ಮಗಳಿಗೆ ಮೊದಲೇ ವಿಚಾರಿಸಿಡಲು ಹೇಳಿ.