ವಿದ್ಯುದ್ದರ್ಶಕದ ಪಟ್ಟಿಗಳು ತೆರೆದ ತಕ್ಷಣ ಮುಚ್ಚಿಕೊಳ್ಳುತ್ತಿವೆ

ಶಿಕ್ಷಕಿ, ಉಡುಪಿ:
ಎಂಟನೇ ತರಗತಿಯ ಮಕ್ಕಳಿಗಾಗಿ ಜಾಮ್ ಬಾಟಲಿಯಲ್ಲಿ ವಿದ್ಯುದ್ದರ್ಶಕ (ವಸ್ತುವಿನಲ್ಲಿ ವಿದ್ಯುತ್ ಆವೇಶ ಇದೆಯೇ ಎಂದು ತೋರಿಸುವ ಸಾಧನ) ಮಾಡಿದ್ದೇನೆ. ರಟ್ಟಿನ ಮುಚ್ಚಳ, ಅದರಲ್ಲಿ ತೂರಿಸಿದ ಲೋಹದ ಪೇಪರ್ ಕ್ಲಿಪ್, ಕ್ಲಿಪ್ಪಿನ ತುದಿಯಲ್ಲಿ ಅಲ್ಯೂಮಿನಿಯಂ ಹಾಳೆಯ ಎರಡು ಪಟ್ಟಿ. ಉಣ್ಣೆಯ ಶಾಲಿನಿಂದ ಉಜ್ಜಿದ ಪಿವಿಸಿ ಪೈಪನ್ನು ಹತ್ತಿರ ತಂದರೆ ಪಟ್ಟಿಗಳು ಚೆನ್ನಾಗಿ ಅಗಲುತ್ತವೆ. ಕ್ಲಿಪ್ಪಿಗೆ ಮುಟ್ಟಿಸಿ ಪೈಪನ್ನು ತೆಗೆದರೆ ಕೂಡಲೇ ಜೋತುಬೀಳುತ್ತವೆ. ಬೇಸಿಗೆಯಲ್ಲಿ ಇದೇ ಬಾಟಲಿ ಸರಿಯಾಗಿ ಕೆಲಸ ಮಾಡಿತ್ತು. ಹಾಳೆ ಬದಲಿಸಿದರೂ ಪ್ರಯೋಜನವಾಗಿಲ್ಲ.

ಹವ್ಯಾಸಿ, ಧಾರವಾಡ:
ಮೇಡಂ, ಹಾಳೆಯಲ್ಲಿ ದೋಷವಿಲ್ಲ. ಪೈಪು ಹತ್ತಿರ ಬಂದಾಗ ಪಟ್ಟಿಗಳು ಅಗಲುತ್ತವೆ ಎಂದರೆ ಪೈಪಿಗೆ ಆವೇಶ ಬಂದಿದೆ, ಕ್ಲಿಪ್ಪಿಗೂ ಪಟ್ಟಿಗಳಿಗೂ ಸಂಪರ್ಕವಿದೆ. ಪೈಪಿನ ಋಣಾವೇಶ ಕ್ಲಿಪ್ಪಿನ ಎಲೆಕ್ಟ್ರಾನುಗಳನ್ನು ಕೆಳಕ್ಕೆ, ಪಟ್ಟಿಗಳಿಗೆ ದಬ್ಬುತ್ತದೆ, ಒಂದೇ ಬಗೆಯ ಆವೇಶದ ಪಟ್ಟಿಗಳು ಒಂದನ್ನೊಂದು ದೂಡುತ್ತವೆ. ಪೈಪು ದೂರವಾದರೆ ಎಲೆಕ್ಟ್ರಾನುಗಳು ಮರಳುತ್ತವೆ. ಇದಕ್ಕೆ ಹೊರಗಿನಿಂದ ಒಂದು ಎಲೆಕ್ಟ್ರಾನೂ ಬರಬೇಕಾಗಿಲ್ಲ. ಪೈಪು ತೆಗೆದ ಮೇಲೂ ಪಟ್ಟಿಗಳು ಅಗಲವಾಗಿಯೇ ಇರಬೇಕಾದರೆ ಎಲೆಕ್ಟ್ರಾನುಗಳು ಬರಬೇಕು, ಬಂದವು ಅಲ್ಲೇ ಉಳಿಯಬೇಕು.

ನನ್ನ ಅನುಮಾನವೆಲ್ಲ ರಟ್ಟಿನ ಮೇಲೆ. ಕರಾವಳಿಯ ಮಳೆಗಾಲದಲ್ಲಿ ಅದು ತೇವ ಹೀರಿ ಆವೇಶವನ್ನು ಸೋರಗೊಡುತ್ತದೆ. ಮುಚ್ಚಳದ ರಂಧ್ರವನ್ನು ದೊಡ್ಡದು ಮಾಡಿ, ಮೇಣದಬತ್ತಿಯ ಮೇಣ ಕರಗಿಸಿ ತುಂಬಿ, ಅದರ ನಡುವೆ ಕ್ಲಿಪ್ ನಿಲ್ಲಿಸಿ. ಕ್ಲಿಪ್ ಎಲ್ಲಿಯೂ ರಟ್ಟನ್ನು ಮುಟ್ಟಬಾರದು. ಮೇಣ ಒಳ್ಳೆಯ ಅವಾಹಕ, ಅದರ ಮೇಲೆ ನೀರಿನ ಪದರವೂ ಹರಡುವುದಿಲ್ಲ. ಪೈಪು, ಶಾಲು, ಬಾಟಲಿ ಮೂರನ್ನೂ ಹೇರ್ ಡ್ರೈಯರ್‌ನಿಂದ ಒಣಗಿಸಿಕೊಳ್ಳಿ.

ನಿವೃತ್ತ ಉಪನ್ಯಾಸಕ, ಮೈಸೂರು:
ಇನ್ನೊಂದು ಮಾತು. ಪೈಪು ಅವಾಹಕ. ಒಂದು ಕಡೆ ಮುಟ್ಟಿಸಿದರೆ ಆ ಜಾಗದ ಆವೇಶ ಮಾತ್ರ ಇಳಿಯುತ್ತದೆ, ಉಳಿದದ್ದು ಹರಿದು ಬರುವುದಿಲ್ಲ. ಪೈಪನ್ನು ತಿರುಗಿಸುತ್ತಾ ಉದ್ದಕ್ಕೂ ಕ್ಲಿಪ್ಪಿಗೆ ಸವರಿ.

ಶಿಕ್ಷಕಿ, ಉಡುಪಿ:
ಮೇಣ ಹಾಕಿದ ಮೇಲೆ ಪಟ್ಟಿಗಳು ಅಗಲವಾಗಿಯೇ ನಿಂತಿವೆ, ಬಹಳ ನಿಧಾನವಾಗಿ ಇಳಿಯುತ್ತವೆ. ತುಂಬಾ ಧನ್ಯವಾದಗಳು. ತರಗತಿಯಲ್ಲಿ ಒಬ್ಬ ಹುಡುಗಿ ಕೇಳಿದಳು: ರೇಷ್ಮೆಯಿಂದ ಉಜ್ಜಿದ ಗಾಜಿಗೆ ಧನಾವೇಶ ಬರುತ್ತದೆಯಲ್ಲ, ರೇಷ್ಮೆಯಿಂದ ಪ್ರೋಟಾನುಗಳು ಬಂದವೇ?

ನಿವೃತ್ತ ಉಪನ್ಯಾಸಕ, ಮೈಸೂರು:
ಎಷ್ಟು ಒಳ್ಳೆಯ ಪ್ರಶ್ನೆ! ಇಲ್ಲ, ಗಾಜು ಎಲೆಕ್ಟ್ರಾನುಗಳನ್ನು ಕಳೆದುಕೊಂಡಿದೆ. ಹೊರಗಿನ ಎಲೆಕ್ಟ್ರಾನನ್ನು ಪರಮಾಣುವಿನಿಂದ ಬಿಡಿಸಲು ಕೆಲವೇ ಎಲೆಕ್ಟ್ರಾನ್ ವೋಲ್ಟ್ (ಶಕ್ತಿಯ ಅತಿ ಸಣ್ಣ ಅಳತೆ) ಸಾಕು. ಬೀಜಕೇಂದ್ರದಿಂದ ಪ್ರೋಟಾನನ್ನು ಕೀಳಲು ಅದರ ಲಕ್ಷಾಂತರ ಪಟ್ಟು ಶಕ್ತಿ ಬೇಕು, ಬಟ್ಟೆಯ ಉಜ್ಜುವಿಕೆಗೆ ಅದು ಸಾಧ್ಯವಿಲ್ಲ. ಪ್ರೋಟಾನು ಹೋದರೆ ಧಾತುವೇ ಬದಲಾಗುತ್ತದೆ: ಗಾಜಿನಲ್ಲಿರುವ ಸಿಲಿಕಾನ್‌ಗೆ 14 ಪ್ರೋಟಾನುಗಳು, ಒಂದು ಕಡಿಮೆಯಾದರೆ ಅದು ಅಲ್ಯೂಮಿನಿಯಂ!

ಅವಳ ಕೈಯಿಂದಲೇ ಈ ಪರೀಕ್ಷೆ ಮಾಡಿಸಿ. ಉಜ್ಜಿದ ಪೈಪನ್ನು ಕ್ಲಿಪ್ಪಿನ ಹತ್ತಿರ ಹಿಡಿದು, ಕ್ಲಿಪ್ಪನ್ನು ಬೆರಳಿನಿಂದ ಮುಟ್ಟಲಿ. ಮೊದಲು ಬೆರಳು ತೆಗೆಯಬೇಕು, ಆಮೇಲೆ ಪೈಪು. ಎಲೆಕ್ಟ್ರಾನುಗಳು ಬೆರಳಿನ ಮೂಲಕ ಹೊರಟುಹೋಗಿ ಪಟ್ಟಿಗಳು ಧನಾವೇಶದಲ್ಲಿ ಅಗಲುತ್ತವೆ. ಈಗ ರೇಷ್ಮೆಯಿಂದ ಉಜ್ಜಿದ ಗಾಜನ್ನು ತಂದರೆ, ಅದಕ್ಕೂ ಧನಾವೇಶ ಇರುವುದರಿಂದ, ಅವು ಇನ್ನಷ್ಟು ಅಗಲಬೇಕು. ಪಟ್ಟಿಗಳು ಇಳಿಯುವುದನ್ನು ಪುರಾವೆ ಎಂದು ತೆಗೆದುಕೊಳ್ಳಬೇಡಿ, ಆವೇಶವಿಲ್ಲದ ಕೈ ಹತ್ತಿರ ಬಂದರೂ ಅವು ಸ್ವಲ್ಪ ಇಳಿಯುತ್ತವೆ. ಗಾಜನ್ನು ಮಾತ್ರ ಚೆನ್ನಾಗಿ ಬಿಸಿ ಮಾಡಿ ಒಣಗಿಸಿಕೊಳ್ಳಿ, ಉಡುಪಿಯ ಈ ಹವೆಯಲ್ಲಿ ತೇವ ಮೊದಲು ಹಿಡಿಯುವುದೇ ಗಾಜಿನ ಮೈಯನ್ನು.