ಅಪ್‌ಡೇಟ್: ಕಡಲಗಾಳಿಯಲ್ಲಿ ಗಾಲ್ಫ್, ಕೊನೆಗೂ ಆಡಿ ಬಂದೆ

ಬೆಂಗಳೂರಿನ ಮರಗಳ ನಡುವೆ ಆಡಿ ಕಲಿತವನು ಇಂಗ್ಲೆಂಡಿನ ಲಿಂಕ್ಸ್ (ಕಡಲತೀರದ ಬಯಲು ಗಾಲ್ಫ್ ಮೈದಾನ) ಗಾಳಿಯನ್ನು ಹೇಗೆ ಎದುರಿಸೋದು ಅಂತ ಹೋದ ವಾರ ಕೇಳಿದ್ದೆನಲ್ಲ? ರಾಯಲ್ ನಾರ್ತ್ ಡೆವನ್‌ನಲ್ಲಿ ಆಡಿ ಬಂದೆ. 1864ರಲ್ಲಿ ಶುರುವಾದ ಕ್ಲಬ್ಬು, ಇವತ್ತಿಗೂ ಅದೇ ಜಾಗ.

"ಎರಡು ಕ್ಲಬ್ ದೊಡ್ಡದು (ಅಂದ್ರೆ ಇನ್ನೂ ದೂರ ಹೊಡೆಯೋ ಕೋಲು) ತಗೊಳ್ಳಿ, ಚೆಂಡು ಬಲಗಾಲಿನ ಕಡೆಗಿರಲಿ, ಅರ್ಧ ಸ್ವಿಂಗ್ ಸಾಕು" ಎಂದವರಿಗೆ ದೊಡ್ಡ ನಮಸ್ಕಾರ. ಚೆಂಡು ತಗ್ಗಾಗಿ ಹೋಗಿ, ಗಟ್ಟಿ ನೆಲದ ಮೇಲೆ ಉರುಳಿಕೊಂಡೇ ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಸೇರಿತು. ಗ್ರೀನಿನ ಹೊರಗಿನಿಂದಲೇ ಪಟರ್ (ಚೆಂಡು ಉರುಳಿಸುವ ಕೋಲು) ಬಳಸುವ ಸಲಹೆಯೂ ಕೈಹಿಡಿಯಿತು. "ಜೋರಾಗಿ ಬಾರಿಸಿ" ಅನ್ನೋದು ಮಾತ್ರ ಕೈಕೊಟ್ಟಿತು. ಹೊಡೆತ ಜೋರಾದಷ್ಟೂ ಚೆಂಡಿಗೆ ಸುತ್ತು ಜಾಸ್ತಿ, ಮೇಲೆದ್ದು ಗಾಳಿಗೆ ಸಿಕ್ಕಿ ಅಲ್ಲೇ ಬಿತ್ತು.

ಯಾರೂ ಹೇಳದೇ ಇದ್ದದ್ದು: ಅಲ್ಲಿ ಕುರಿ, ಕುದುರೆ ಮೇಯುತ್ತವೆ! ಊರವರಿಗೆ ಮೇಯಿಸುವ ಹಕ್ಕಿದೆಯಂತೆ. ಫೇರ್‌ವೇಯಲ್ಲಿ (ಗ್ರೀನಿಗೆ ಹೋಗುವ ಹುಲ್ಲಿನ ದಾರಿ) ಕುರಿ ಎದ್ದು ಹೋಗಲಿ ಅಂತ ಸುಮ್ನೆ ಕಾದೆ. ಇನ್ನು ಆ ಚೂಪು ಜೊಂಡಿನ ಪೊದೆ. ಅದರೊಳಗೆ ಹೋದ ಚೆಂಡನ್ನು ಮರೆತುಬಿಡಿ. ನಾನು ಆರು ಕಳೆದೆ. ಹನ್ನೆರಡಾದರೂ ಚೀಲದಲ್ಲಿರಲಿ.

ಸ್ಕೋರ್ ಕೇಳಬೇಡಿ, ಆಯ್ತಾ?