ಸಹಾಯ ಬೇಕು: ಸ್ವೆಲೆಂಡಾಮ್ ತಿರಸ್ಕರಿಸಿದ್ದು ಯಾರ ಆಳ್ವಿಕೆಯನ್ನು?

ದಕ್ಷಿಣ ಆಫ್ರಿಕಾದ ಸ್ವೆಲೆಂಡಾಮ್ ಎಂಬ ಪುಟ್ಟ ಊರಿನ ಬಗ್ಗೆ ಲೇಖನ ಬರೆಯುತ್ತಾ ಮೂರು ದಿನದಿಂದ ಒಂದೇ ಸಾಲಿನಲ್ಲಿ ಸಿಕ್ಕಿಕೊಂಡಿದ್ದೇನೆ. ಹೆಸರಿನ ಗುಟ್ಟು ಸುಲಭವಾಗಿ ಬಿಚ್ಚಿಕೊಂಡಿತು: ಗವರ್ನರ್ ಸ್ವೆಲೆನ್‌ಗ್ರೆಬೆಲ್, ಪತ್ನಿ ಟೆನ್ ಡಾಮ್, ಇಬ್ಬರ ಹೆಸರನ್ನೂ ಹೊಸೆದದ್ದು. (ಮೊದಲಿನಿಂದ ಅಲ್ಲಿ ದನ ಮೇಯಿಸುತ್ತಿದ್ದ ಹೆಸೆಕ್ವಾ ಜನರಿಗೆ ಆ ಹೆಸರಿನಲ್ಲಿ ಜಾಗವಿಲ್ಲ.)

1795ರ ಜೂನ್‌ನಲ್ಲಿ ಅಲ್ಲಿನ ವಲಸಿಗ ರೈತರು ಆಗ ಆ ಪ್ರದೇಶವನ್ನು ಆಳುತ್ತಿದ್ದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯನ್ನು ಕೆಳಗಿಳಿಸಿ, ಹರ್ಮಾನಸ್ ಸ್ಟೇನ್‌ನನ್ನು ಮುಖ್ಯಸ್ಥನನ್ನಾಗಿ ಮಾಡಿಕೊಂಡರು. ಸೆಪ್ಟೆಂಬರಿನಲ್ಲಿ ಬ್ರಿಟಿಷರು ಈ ಊರು ಸೇರಿದ್ದ ಕೇಪ್ ವಸಾಹತನ್ನು ಹಿಡಿದದ್ದೇ ತಡ, ಆಟ ಮುಗಿಯಿತು.

ವಿಶ್ವಕೋಶ ನೋಡಿದೆ, ಗ್ರಂಥಾಲಯವನ್ನೂ ಜಾಲಾಡಿದೆ. ಒಂದು ಕಡೆ ‘ಗಣರಾಜ್ಯ’, ಇನ್ನೊಂದು ಕಡೆ ಬರೀ ‘ದಂಗೆ’. ಅವರು ತಿರಸ್ಕರಿಸಿದ್ದು ಕಂಪನಿಯನ್ನು ಮಾತ್ರವೋ, ನೆದರ್ಲೆಂಡ್ಸ್‌ನ ಅಧೀನತೆಯನ್ನೂ ಸೇರಿಸಿಯೋ? ನಾನು ಯಾವ ಪದ ಬರೆಯಲಿ?